ಶಂಕೆ ಬೇರೆ, ತೀರ್ಪು ಬೇರೆ

ಕೆಲವು ತಿಂಗಳ ಹಿಂದೆ ಒಂದು ರಾತ್ರಿ ಇಂಗ್ಲೆಂಡಿನಿಂದ ನನಗೊಂದು ಕರೆ ಬಂದಿತು. ಮಾತನಾಡಿದವಳು ನಾನು ಹಿಂದೆ ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರ ಹೆಣ್ಣುಮಗಳು. ನಮ್ಮ ಅನೇಕ ಕುಟುಂಬಗಳ ಮಕ್ಕಳಂತೆ ಆಕೆಯೂ ನರ್ಸಿಂಗ್ ಕಲಿತು ಹೊರದೇಶಕ್ಕೆ ಹೋದವಳು; ಈಗ ಅಲ್ಲಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ದಾದಿ. ಆಕೆಯ ಪ್ರಶ್ನೆ ಪಾಪನಿವೇದನೆಯಲ್ಲಿ ಬಂದದ್ದಲ್ಲ. ಹೆಸರು, ಗುರುತು ಬಿಟ್ಟು ಬರೆಯಲು ಆಕೆಯೇ ಒಪ್ಪಿದ್ದಾಳೆ. ಆದ್ದರಿಂದ ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಆ ವಾರ್ಡಿಗೆ ಒಂದು ಮಗು ಮೇಲಿಂದ ಮೇಲೆ ದಾಖಲಾಗುತ್ತಿತ್ತು. ವಾಂತಿ, ಜ್ವರ, ಸುಸ್ತು. ಎಷ್ಟು ಪರೀಕ್ಷೆ ಮಾಡಿದರೂ ಕಾರಣ ಸಿಗುತ್ತಿರಲಿಲ್ಲ. ತಾಯಿ ಹಗಲಿರುಳು ಮಗುವಿನ ಹಾಸಿಗೆ ಬಿಟ್ಟು ಕದಲುತ್ತಿರಲಿಲ್ಲ. ಒಂದು ದಿನ ಹಿರಿಯ ವೈದ್ಯರು ದಾದಿಯರನ್ನು ಕರೆದು, ತಾಯಿ ಮಗುವಿಗೆ ಏನೇನು ಕೊಡುತ್ತಾಳೆ, ಆಕೆ ಇಲ್ಲದಿರುವಾಗ ಮಗು ಹೇಗಿರುತ್ತದೆ ಎಂಬುದನ್ನು ಹೊತ್ತುಹೊತ್ತಿಗೆ ಬರೆದಿಡುವಂತೆ ತಿಳಿಸಿದರು. ಕಾಯಿಲೆ ತಂದಿಡುತ್ತಿರುವವಳು ತಾಯಿಯೇ ಇರಬಹುದೇ ಎಂಬ ಶಂಕೆ ಅವರದು.

“ಫಾದರ್, ಆ ತಾಯಿ ನನ್ನ ಕೈ ಹಿಡಿದು ಅಳುತ್ತಾಳೆ. ಮಗುವಿಗಾಗಿ ಪ್ರಾರ್ಥಿಸಿ ಎನ್ನುತ್ತಾಳೆ. ನಾನು ಆಗಲಿ ಎಂದು ಹೇಳಿ ಹೊರಗೆ ಬಂದು, ಆಕೆಯ ಬಗ್ಗೆಯೇ ಬರೆದಿಡುತ್ತೇನೆ. ಇದು ಪಾಪವಲ್ಲವೇ?” ಎಂದು ಆಕೆ ಕೇಳಿದಳು.

ನಾನು ಕೂಡಲೇ ಉತ್ತರ ಕೊಡಲಿಲ್ಲ. ‘ತೀರ್ಪು ಮಾಡಬೇಡ’ ಎಂಬುದು ಯೇಸುಸ್ವಾಮಿಯ ಬೋಧನೆಯೆಂದು ಹೇಳಿ ಮುಗಿಸುವುದು ಸುಲಭವಾಗಿತ್ತು. ‘ವೈದ್ಯರು ಹೇಳಿದಂತೆ ಮಾಡು, ನಿನ್ನ ಕರ್ತವ್ಯ’ ಎನ್ನುವುದೂ ಸುಲಭವಾಗಿತ್ತು. ಎರಡೂ ಉತ್ತರಗಳು ಅರ್ಧ ಸತ್ಯಗಳೆಂದು ನನಗೆ ತೋರಿತು. ಎರಡು ದಿನ ಸಮಯ ಕೇಳಿ ಫೋನ್ ಇಟ್ಟೆ. ಆ ಎರಡು ದಿನಗಳಲ್ಲಿ ಓದಿದ್ದನ್ನೂ ಯೋಚಿಸಿದ್ದನ್ನೂ ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಮೊದಲನೆಯದಾಗಿ, ವೈದ್ಯರ ಈ ಶಂಕೆ ಆಧಾರವಿಲ್ಲದ್ದೇನೂ ಅಲ್ಲ. ರೋಗವಿಲ್ಲದಿದ್ದರೂ ರೋಗದ ಕಥೆ ಕಟ್ಟಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರನ್ನು 1951ರಲ್ಲಿ ರಿಚರ್ಡ್ ಆಶರ್ ಎಂಬ ಬ್ರಿಟಿಷ್ ವೈದ್ಯರು ವಿವರಿಸಿ, ಬಣ್ಣಬಣ್ಣದ ಸುಳ್ಳು ಸಾಹಸಗಳಿಗೆ ಹೆಸರಾದ ಬ್ಯಾರನ್ ಮಂಚೌಸನ್‌ನ ಹೆಸರನ್ನು ಆ ಸ್ಥಿತಿಗೆ ಇಟ್ಟರು. 1977ರಲ್ಲಿ ರಾಯ್ ಮೆಡೋ ಎಂಬ ಮಕ್ಕಳ ತಜ್ಞರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇನ್ನೂ ಘೋರವಾದುದನ್ನು ವರದಿ ಮಾಡಿದರು. ಒಬ್ಬ ತಾಯಿ ತನ್ನ ಮಗಳ ಮೂತ್ರದ ಮಾದರಿಗಳನ್ನು ಕಲುಷಿತಗೊಳಿಸಿ, ಇಲ್ಲದ ರೋಗಕ್ಕಾಗಿ ಆ ಬಾಲಕಿ ವರ್ಷಗಟ್ಟಲೆ ಪರೀಕ್ಷೆ, ಚಿಕಿತ್ಸೆಗಳಿಗೆ ಒಳಗಾಗುವಂತೆ ಮಾಡಿದ್ದಳು. ಇನ್ನೊಬ್ಬ ತಾಯಿ ಮಗುವಿಗೆ ಅತಿಯಾಗಿ ಉಪ್ಪು ಉಣಿಸುತ್ತಿದ್ದಳು. ಆ ಮಗು ತೀರಿಕೊಂಡಿತು. ಇದಕ್ಕೆ ಅವರು ಕೊಟ್ಟ ಹೆಸರು ಮಂಚೌಸನ್ ಸಿಂಡ್ರೋಮ್ ಬೈ ಪ್ರಾಕ್ಸಿ. ಈಚೆಗೆ ಅಮೆರಿಕದ ವೈದ್ಯರು ಇದನ್ನು ‘ಮೆಡಿಕಲ್ ಚೈಲ್ಡ್ ಅಬ್ಯೂಸ್’, ಅಂದರೆ ಚಿಕಿತ್ಸೆಯ ಮೂಲಕವೇ ನಡೆಯುವ ಶಿಶುಪೀಡನೆ ಎನ್ನುತ್ತಾರೆ. ತಾಯಿಯ ಮನಸ್ಸಿನಲ್ಲಿ ಏನಿದೆ ಎಂಬುದಕ್ಕಿಂತ ಮಗುವಿಗೆ ಏನಾಗುತ್ತಿದೆ ಎಂಬುದರ ಕಡೆಗೆ ಗಮನ ಹರಿಯಲಿ ಎಂಬುದು ಈ ಹೊಸ ಹೆಸರಿನ ಉದ್ದೇಶ.

1986ರಿಂದ 1994ರವರೆಗೆ ಇಂಗ್ಲೆಂಡಿನ ಎರಡು ಆಸ್ಪತ್ರೆಗಳಲ್ಲಿ ಡೇವಿಡ್ ಸೌತಾಲ್ ಎಂಬ ವೈದ್ಯರು ಇಂತಹ ಶಂಕೆಯಿದ್ದ 39 ಮಕ್ಕಳ ಕೋಣೆಗಳಲ್ಲಿ ಗುಪ್ತ ಕ್ಯಾಮೆರಾ ಇಡಿಸಿದರು. 33 ಪ್ರಕರಣಗಳಲ್ಲಿ ಪೀಡನೆ ಕಣ್ಣಿಗೆ ಕಂಡಿತು; ಅವುಗಳಲ್ಲಿ ಹೆಚ್ಚಿನವು ಮಗುವಿನ ಉಸಿರುಗಟ್ಟಿಸುವ ಪ್ರಯತ್ನಗಳು. ಹೀಗೆ ಗುಪ್ತವಾಗಿ ನೋಡುವುದು ಸರಿಯೇ ಎಂದು ಆಗಲೂ ಬಹಳ ಚರ್ಚೆ ನಡೆಯಿತು. ಆದರೆ ಆ ಮಕ್ಕಳಿಗೆ ದೂರು ಹೇಳಲು ಬಾಯಿ ಇರಲಿಲ್ಲ ಎಂಬುದನ್ನು ನಾವು ಮರೆಯುವಂತಿಲ್ಲ. ‘ಯಾವ ತಾಯಿಯೂ ಹೀಗೆ ಮಾಡಲಾರಳು’ ಎಂಬ ನಮ್ಮ ಮಾತು ಕೇಳಲು ಹಿತವಾಗಿದೆ. ಅಂತಹ ಮಗುವಿನ ಪಾಲಿಗೆ ಅದು ಮುಚ್ಚಿದ ಬಾಗಿಲು.

ಆದರೆ ಇನ್ನೊಂದು ಮಗ್ಗುಲನ್ನೂ ನೋಡೋಣ. ಇಂತಹ ಪೀಡನೆಯ ಲಕ್ಷಣಗಳೆಂದು ವೈದ್ಯರು ಪಟ್ಟಿ ಮಾಡುವುದೇನು? ತಾಯಿ ಸದಾ ಹಾಸಿಗೆಯ ಪಕ್ಕದಲ್ಲೇ ಇರುತ್ತಾಳೆ. ರೋಗದ ಬಗ್ಗೆ ಓದಿಕೊಂಡಿರುತ್ತಾಳೆ. ಒಬ್ಬ ವೈದ್ಯರಿಂದ ಗುಣ ಕಾಣದಿದ್ದರೆ ಮತ್ತೊಬ್ಬರಲ್ಲಿಗೆ ಹೋಗುತ್ತಾಳೆ. ‘ಏನೂ ಇಲ್ಲ’ ಎಂದರೆ ಒಪ್ಪುವುದಿಲ್ಲ. ಪ್ರಿಯ ತಾಯಂದಿರೇ, ಈ ಪಟ್ಟಿಯಲ್ಲಿ ನಿಮ್ಮ ಮುಖವೇ ನಿಮಗೆ ಕಾಣುವುದಿಲ್ಲವೇ? ಸುಲಭವಾಗಿ ಪತ್ತೆಯಾಗದ ಅಪರೂಪದ ರೋಗವಿರುವ ಮಗುವಿನ ತಾಯಿ ಬೇರೆ ಹೇಗೆ ತಾನೇ ಇರಬಲ್ಲಳು? ಒಮ್ಮೆ ಶಂಕೆ ಹುಟ್ಟಿದ ಮೇಲೆ ಆಕೆ ಅತ್ತರೆ ನಟನೆ, ಅಳದಿದ್ದರೆ ಕಲ್ಲೆದೆ. ವಾದಿಸಿದರೆ ಜಗಳಗಂಟಿ, ಸುಮ್ಮನಿದ್ದರೆ ಒಪ್ಪಿಕೊಂಡಂತೆ. ಪ್ರೀತಿಯ ಗುರುತುಗಳೇ ಅಪರಾಧದ ಗುರುತುಗಳಾದಾಗ, ನಿರಪರಾಧಿಯಾದ ತಾಯಿಗೆ ತನ್ನನ್ನು ರುಜುವಾತುಪಡಿಸುವ ದಾರಿಯೇ ಉಳಿಯುವುದಿಲ್ಲ.

ಇದು ಬರಿಯ ಊಹೆಯಲ್ಲ. ಇಂಗ್ಲೆಂಡಿನಲ್ಲಿ ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಎರಡು ಹಸುಗೂಸುಗಳು, ಒಂದು 1996ರಲ್ಲಿ, ಇನ್ನೊಂದು 1998ರಲ್ಲಿ, ಕೆಲವೇ ವಾರಗಳ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವು. ತಾಯಿಯೇ ಕೊಂದಳೆಂಬ ಆರೋಪ ಬಂದಿತು. ವಿಚಾರಣೆಯಲ್ಲಿ ಸಾಕ್ಷಿ ನುಡಿದವರಲ್ಲಿ ಅದೇ ರಾಯ್ ಮೆಡೋ ಒಬ್ಬರು. ಅಂತಹ ಕುಟುಂಬದಲ್ಲಿ ಒಂದು ಶಿಶು ಕಾರಣವಿಲ್ಲದೆ ಸಾಯುವ ಸಂಭವ 8,543ರಲ್ಲಿ ಒಂದು. ಎರಡು ಶಿಶುಗಳು ಹಾಗೆ ಸಾಯುವ ಸಂಭವ ಅದನ್ನು ಅದರಿಂದಲೇ ಗುಣಿಸಿದಷ್ಟು, ಅಂದರೆ 7 ಕೋಟಿ 30 ಲಕ್ಷದಲ್ಲಿ ಒಂದು ಎಂದು ಅವರು ಹೇಳಿದರು. 1999ರ ನವೆಂಬರ್‌ನಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು.

ಲೆಕ್ಕ ತಪ್ಪಾಗಿತ್ತು. ಎರಡು ಘಟನೆಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಮಾತ್ರ ಹಾಗೆ ಗುಣಿಸಬಹುದು. ಒಂದೇ ರಕ್ತ, ಒಂದೇ ಮನೆ ಇರುವ ಅಣ್ಣತಮ್ಮಂದಿರ ವಿಷಯದಲ್ಲಿ ಹಾಗೆ ಹೇಳಲಾಗದು. ಅಷ್ಟೇ ಅಲ್ಲ, ಅಪರೂಪದ ಘಟನೆ ನಡೆದಿದೆ ಎಂಬ ಮಾತ್ರಕ್ಕೆ ಮೋಸ ನಡೆದಿದೆ ಎಂದಾಗುವುದಿಲ್ಲ; ಲಾಟರಿ ಗೆದ್ದವನನ್ನು ನಾವು ಅದೇ ಕಾರಣಕ್ಕೆ ಕಳ್ಳನೆನ್ನುವುದಿಲ್ಲ. 2001ರಲ್ಲಿ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕಕ್ಕೆ ಆಧಾರವಿಲ್ಲವೆಂದು ಬಹಿರಂಗವಾಗಿ ತಿಳಿಸಿತು. ಎರಡನೆಯ ಮಗುವಿನ ದೇಹದಲ್ಲಿ ಸೋಂಕಿನ ರೋಗಾಣುಗಳು ಕಂಡಿದ್ದ ಪರೀಕ್ಷಾ ವರದಿಯನ್ನು ಶವಪರೀಕ್ಷೆ ಮಾಡಿದ ವೈದ್ಯರು ಪ್ರತಿವಾದಿಗಳಿಗೆ ತಿಳಿಸಿರಲಿಲ್ಲ ಎಂಬುದೂ ಬೆಳಕಿಗೆ ಬಂದಿತು. 2003ರ ಜನವರಿಯಲ್ಲಿ ಆಕೆ ಬಿಡುಗಡೆಯಾದಳು. ಆದರೆ ಒಳಗೆ ಮುರಿದ ಬದುಕು ಮತ್ತೆ ಕೂಡಲಿಲ್ಲ. 2007ರಲ್ಲಿ, 42ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮೆಡೋ ಅವರ ಹೆಸರನ್ನು 2005ರಲ್ಲಿ ವೈದ್ಯರ ನೋಂದಣಿಯಿಂದ ತೆಗೆದುಹಾಕಲಾಯಿತು. ಮರುವರ್ಷ ನ್ಯಾಯಾಲಯ ಆ ಕ್ರಮವನ್ನು ರದ್ದುಮಾಡಿತು. ಅವರು ದುರುದ್ದೇಶದಿಂದ ಸುಳ್ಳಾಡಿದವರಲ್ಲ. ಮಕ್ಕಳನ್ನು ಕಾಯಬೇಕೆಂದು ಹೊರಟ ಒಬ್ಬ ಒಳ್ಳೆಯ ತಜ್ಞರ ಕೈಯಿಂದಲೇ ಇಷ್ಟು ದೊಡ್ಡ ಅನ್ಯಾಯಕ್ಕೆ ನೆರವಾಯಿತು ಎಂಬುದೇ ನಾವು ಚಿಂತಿಸಬೇಕಾದ ವಿಷಯ.

ಸ್ಯಾಲಿ ಕ್ಲಾರ್ಕ್ ಪ್ರಕರಣದಲ್ಲಿ ಮಕ್ಕಳು ಆಗಲೇ ತೀರಿಹೋಗಿದ್ದವು. ಮಗು ಜೀವಂತವಾಗಿ ಆಸ್ಪತ್ರೆಯಲ್ಲೇ ಇರುವಾಗ ಈ ವಿವಾದ ಇನ್ನಷ್ಟು ತೊಡಕಾಗುತ್ತದೆ. ಅಮೆರಿಕದ ಫ್ಲೋರಿಡಾ ರಾಜ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ 2016ರ ಅಕ್ಟೋಬರ್‌ನಲ್ಲಿ ಹತ್ತು ವರ್ಷದ ಬಾಲಕಿಯೊಬ್ಬಳನ್ನು ತೀವ್ರ ನೋವಿನಿಂದಾಗಿ ಮಕ್ಕಳ ಆಸ್ಪತ್ರೆಗೆ ಕರೆತಂದರು. ಆಕೆಗೆ ಅಪರೂಪದ ನೋವಿನ ಕಾಯಿಲೆಯಿದೆಯೆಂದು ಬೇರೆ ವೈದ್ಯರು ಹಿಂದೆಯೇ ಗುರುತಿಸಿದ್ದರು. ತಾನೇ ದಾದಿಯಾಗಿದ್ದ ತಾಯಿ, ಹಿಂದೆ ಕೊಡುತ್ತಿದ್ದಂತೆ ಕೆಟಮಿನ್ ಎಂಬ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡಬೇಕೆಂದು ಪಟ್ಟುಹಿಡಿದಳು. ಆಸ್ಪತ್ರೆಯವರಿಗೆ ಶಂಕೆ ಬಂದಿತು. ಸರಕಾರಕ್ಕೆ ವರದಿ ಹೋಯಿತು. ನ್ಯಾಯಾಲಯದ ಆದೇಶದಂತೆ ಮಗು ಆಸ್ಪತ್ರೆಯಲ್ಲೇ ಉಳಿಯಿತು. ತಾಯಿ ಮಗಳನ್ನು ಮುಖತಃ ಕಾಣುವಂತಿರಲಿಲ್ಲ. ಬೇರೆಯವರ ಕಾವಲಿನಲ್ಲಿ ಫೋನ್ ಮಾತುಕತೆಗೆ ಮಾತ್ರ ಅವಕಾಶವಿತ್ತು. ಸುಮಾರು ಮೂರು ತಿಂಗಳು ಹೀಗೆ ಕಳೆದ ಮೇಲೆ, 2017ರ ಜನವರಿಯಲ್ಲಿ ತಾಯಿ ತನ್ನ ಜೀವವನ್ನೇ ತೆಗೆದುಕೊಂಡಳು. ಕೆಲವೇ ದಿನಗಳಲ್ಲಿ ಮಗಳನ್ನು ತಂದೆಗೆ ಒಪ್ಪಿಸಲಾಯಿತು.

ಕುಟುಂಬ ದಾವೆ ಹೂಡಿತು. 2023ರ ನವೆಂಬರ್‌ನಲ್ಲಿ ನ್ಯಾಯಸಮಿತಿಯವರು ಆಸ್ಪತ್ರೆ 20 ಕೋಟಿ ಡಾಲರಿಗೂ ಮೀರಿದ ಪರಿಹಾರ ಕೊಡಬೇಕೆಂದರು. 2025ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ, ಮರುವಿಚಾರಣೆಗೆ ಆದೇಶಿಸಿತು. ಸದುದ್ದೇಶದಿಂದ ವರದಿ ಮಾಡುವವರಿಗೆ ಕಾನೂನು ಕೊಡುವ ರಕ್ಷಣೆಯನ್ನು ಕೆಳ ನ್ಯಾಯಾಲಯ ತೀರಾ ಕಿರಿದಾಗಿಸಿತು ಎಂಬುದು ಅದರ ಅಭಿಪ್ರಾಯ. ಯಾರು ಸರಿ ಎಂದು ನಾನು ಇಲ್ಲಿ ಹೇಳಹೊರಟಿಲ್ಲ. ನಾನು ಕೇಳುವುದು ಇಷ್ಟೇ: ಮಗುವನ್ನು ಕಾಯಲೆಂದು ಕೈಗೊಂಡ ಕ್ರಮ ಯಾವ ಘಳಿಗೆಯಲ್ಲಿ ತಾಯಿಗೆ ಶಿಕ್ಷೆಯಾಗಿ ಮಾರ್ಪಡುತ್ತದೆ? ಆ ಗೆರೆಯನ್ನು ನಾವು ಹೇಗೆ ಗುರುತಿಸಬೇಕು?

ಇಲ್ಲಿ ನನಗೆ ಗುರುಮಠದಲ್ಲಿ ಓದಿದ ಪಾಠವೊಂದು ನೆನಪಾಯಿತು. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ’ ಗ್ರಂಥದಲ್ಲಿ ತೀರ್ಪಿನ ಬಗ್ಗೆ ಬರೆಯುತ್ತ, ಸಂದೇಹವಿರುವಲ್ಲಿ ಇನ್ನೊಬ್ಬರ ಬಗ್ಗೆ ಒಳ್ಳೆಯದನ್ನೇ ಭಾವಿಸಬೇಕೇ ಎಂದು ಪ್ರಶ್ನಿಸುತ್ತಾರೆ. ಅವರ ಉತ್ತರದಲ್ಲಿ ಎರಡು ಭಾಗಗಳಿವೆ. ಕೇಡನ್ನು ತಡೆಯಲು ಮದ್ದು ಹುಡುಕುವಾಗ, ಕೆಟ್ಟದ್ದೇ ಇರಬಹುದೆಂದು ಭಾವಿಸಿ ಸಿದ್ಧರಾಗುವುದು ವಿವೇಕ. ದೊಡ್ಡ ಕೇಡಿಗೆ ಸಾಕಾಗುವ ಮದ್ದು ಚಿಕ್ಕದಕ್ಕೂ ಸಾಕಾಗುತ್ತದೆ. ಆದರೆ ಒಬ್ಬ ವ್ಯಕ್ತಿಯ ಬಗ್ಗೆ ನಿರ್ಣಯಿಸುವಾಗ, ಸ್ಪಷ್ಟ ಆಧಾರವಿಲ್ಲದಿದ್ದರೆ ಒಳ್ಳೆಯದರ ಕಡೆಗೇ ವಾಲಬೇಕು. ಕೆಟ್ಟವರನ್ನು ಒಳ್ಳೆಯವರೆಂದು ನಂಬಿ ಹಲವು ಬಾರಿ ಮೋಸಹೋದರೂ ಸರಿ, ಒಳ್ಳೆಯವರನ್ನು ಕೆಟ್ಟವರೆಂದು ಭಾವಿಸಿ ಅಪರೂಪಕ್ಕೆ ತಪ್ಪುವುದು ಅದಕ್ಕಿಂತ ಕೆಡುಕು. ಏಕೆಂದರೆ ಆಗ ನಿರಪರಾಧಿಗೆ ಅನ್ಯಾಯವಾಗುತ್ತದೆ ಎನ್ನುತ್ತಾರೆ.

ಹಾಗಾದರೆ ಶಂಕೆಯಲ್ಲಿ ಎರಡು ಬಗೆ. ಒಂದು ಕಾಯುವ ಶಂಕೆ, ಇನ್ನೊಂದು ತೀರ್ಪು ನೀಡುವ ಶಂಕೆ. ಮಳೆ ಬರಬಹುದೆಂದು ಕೊಡೆ ಹಿಡಿದು ಹೊರಡುವವನು ಮಳೆ ಬಂದೇಬಿಟ್ಟಿತು ಎಂದು ಸಾರುವುದಿಲ್ಲ. ಮಗುವಿನ ಹಾಸಿಗೆಯ ಪಕ್ಕ ಒಬ್ಬ ದಾದಿಯನ್ನು ಕೂರಿಸುವುದು ಕೊಡೆ. ತಾಯಿಯನ್ನು ಪಾತಕಿಯೆಂದು ಕಾಣುವುದು ತೀರ್ಪು. ಮೊದಲನೆಯದಕ್ಕೆ ಸಂಭವವೊಂದಿದ್ದರೆ ಸಾಕು. ಎರಡನೆಯದಕ್ಕೆ ಸಾಕ್ಷ್ಯ ಬೇಕು. ಅದೇ ಸಂತರು ಶಂಕೆಯ ಮೂಲಗಳನ್ನು ಎಣಿಸುವಾಗ, ದೀರ್ಘ ಅನುಭವವೂ ಮನುಷ್ಯನನ್ನು ಶಂಕೆಗೆ ಎಳೆಯುತ್ತದೆ ಎನ್ನುತ್ತಾರೆ. ಹತ್ತು ಕಡೆ ಕಪಟವನ್ನು ಕಂಡ ತಜ್ಞರಿಗೆ ಹನ್ನೊಂದನೆಯ ಕಡೆಯೂ ಅದೇ ಕಾಣುತ್ತದೆ. ಅನುಭವ ದಾರಿ ತೋರಬಲ್ಲದು. ಸಾಕ್ಷ್ಯದ ಪೀಠದಲ್ಲಿ ಅದು ಕೂರಬಾರದು.

ಪವಿತ್ರ ಬೈಬಲಿನ ದಾನಿಯೇಲನ ಗ್ರಂಥದ ಸುಸನ್ನಳ ಕಥೆ ನಿಮಗೆ ಗೊತ್ತಿದೆ. ಆಕೆಯ ಮೇಲೆ ಆರೋಪ ಹೊರಿಸಿದವರು ಜನರ ಗೌರವ ಪಡೆದಿದ್ದ ಇಬ್ಬರು ಹಿರಿಯರು, ನ್ಯಾಯಾಧಿಪತಿಗಳು. ಹಿರಿಯರು ಹೇಳಿದ ಮೇಲೆ ಇನ್ನೇನು ಎಂದು ಸಭೆ ಆಕೆಗೆ ಮರಣದಂಡನೆ ವಿಧಿಸಿಯೇಬಿಟ್ಟಿತು. ಯುವಕ ದಾನಿಯೇಲ ಮಾಡಿದ್ದೇನು? ಆಕೆಯ ಒಳ್ಳೆಯತನದ ಬಗ್ಗೆ ಭಾಷಣ ಮಾಡಲಿಲ್ಲ. ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ಮಾಡಿ, ಯಾವ ಮರದ ಕೆಳಗೆ ಕಂಡಿರಿ ಎಂದು ಒಬ್ಬೊಬ್ಬರನ್ನೇ ಕೇಳಿದ. ಇಬ್ಬರೂ ಬೇರೆ ಬೇರೆ ಮರಗಳ ಹೆಸರು ಹೇಳಿದರು, ಸುಳ್ಳು ಬಯಲಾಯಿತು. ನಮ್ಮ ವೈದ್ಯರನ್ನು ಆ ದುಷ್ಟ ಹಿರಿಯರಿಗೆ ನಾನು ಖಂಡಿತ ಹೋಲಿಸುವುದಿಲ್ಲ. ಆದರೆ ಹೇಳುವವರ ಸ್ಥಾನಮಾನ ಸಾಕ್ಷ್ಯವಾಗದು, ವಿವರಗಳನ್ನೇ ಕೇಳಬೇಕು ಎಂಬ ದಾನಿಯೇಲನ ಪಾಠ ಎಲ್ಲ ಕಾಲಕ್ಕೂ ಸಲ್ಲುತ್ತದೆ.

ಇಷ್ಟು ಹೇಳುವಾಗ ಒಂದು ಮಾತನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು. ‘ಒಳ್ಳೆಯದನ್ನೇ ಭಾವಿಸೋಣ’ ಎಂಬ ಮಾತನ್ನು ಪರದೆಯಾಗಿ ಬಳಸಿದ ಪಾಪ ನಮ್ಮ ಧರ್ಮಸಭೆಯದೂ ಹೌದು. ಹಲವು ದೇಶಗಳಲ್ಲಿ ಯಾಜಕರಿಂದ ಮಕ್ಕಳ ಮೇಲೆ ದೌರ್ಜನ್ಯ ನಡೆದಾಗ, ಶಂಕಿಸಬೇಕಾದವರು ಶಂಕಿಸಲಿಲ್ಲ, ಕಾಯಬೇಕಾದವರು ಕಾಯಲಿಲ್ಲ. 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಹೊರಡಿಸಿದ ಶಾಸನದ ಪ್ರಕಾರ, ಇಂತಹ ವಿಷಯ ತಿಳಿದ ಯಾಜಕರೂ ಧಾರ್ಮಿಕರೂ ಅದನ್ನು ವರದಿ ಮಾಡಲೇಬೇಕು. ನಮ್ಮ ದೇಶದಲ್ಲಿಯೂ 2012ರ ಪೋಕ್ಸೋ ಕಾಯಿದೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧದ ವಿಷಯ ತಿಳಿದವರೆಲ್ಲರಿಗೂ, ವೈದ್ಯರು, ದಾದಿಯರು, ಶಿಕ್ಷಕರಿಗೂ ಈ ಹೊಣೆ ಹೊರಿಸಿದೆ. ಆದ್ದರಿಂದ ಸುಮ್ಮನಿರುವುದನ್ನು ನಾನು ಆ ಹುಡುಗಿಗೆ ಪುಣ್ಯವೆಂದು ಹೇಳಿಕೊಡಲಾರೆ. ವರದಿ ಮಾಡುವುದು ದಂಡಿಸುವುದಲ್ಲ. ತನ್ನ ಕೈಯಲ್ಲಿ ಇಲ್ಲದ ತೀರ್ಪನ್ನು ಅದಕ್ಕೆ ತಕ್ಕವರ ಕೈಗೆ ಒಪ್ಪಿಸುವುದು.

ಹಿಂದಿನ ಕಹಿ ಅನುಭವಗಳಿಂದ ವೈದ್ಯಲೋಕವೂ ಕಲಿತಿದೆ. 2021ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯರ ರಾಯಲ್ ಕಾಲೇಜು ಹೊಸ ಮಾರ್ಗದರ್ಶನ ಹೊರಡಿಸಿತು. ಮಗುವಿನ ಲಕ್ಷಣಗಳಿಗೆ ಕಾರಣ ಹೊಂದದಿದ್ದರೆ, ಕೂಡಲೇ ಪೀಡನೆಯೆನ್ನದೆ ‘ಗೊಂದಲಕ್ಕೀಡುಮಾಡುವ ಲಕ್ಷಣಗಳು’ ಎಂದು ಗುರುತಿಸಬೇಕು. ಮಗುವಿನ ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲದಿದ್ದರೆ ತಂದೆತಾಯಿಯರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಬೇಕು. ಮಗು ಸಹಜ ಜೀವನಕ್ಕೆ ಮರಳುವಂತೆ ಜೊತೆಗೂಡಿ ಯೋಜನೆ ಹಾಕಬೇಕು ಎಂಬುದು ಅದರ ಸಾರ. ತಕ್ಷಣದ ಅಪಾಯ ಕಂಡರೆ ಮಾತ್ರ ತಂದೆತಾಯಿಯರಿಗೆ ತಿಳಿಸದೆ ಮುಂದುವರಿಯಬಹುದು. ಸಂತ ತೋಮಸರ ಭೇದವನ್ನೇ ಆಸ್ಪತ್ರೆಯ ಭಾಷೆಯಲ್ಲಿ ಬರೆದಂತೆ ಇದು ನನಗೆ ಕಂಡಿತು. ಈ ಮಾರ್ಗದರ್ಶನವನ್ನೂ ಟೀಕಿಸುವ ಪೋಷಕರಿದ್ದಾರೆ. ಶಂಕೆಯ ಬಲೆ ಈಗ ಇನ್ನೂ ಅಗಲವಾಯಿತು ಎಂಬುದು ಅವರ ಅಳಲು. ಅದನ್ನೂ ಕಿವಿಗೊಟ್ಟು ಕೇಳಬೇಕು.

ಎರಡು ದಿನಗಳ ನಂತರ ನಾನು ಆಕೆಗೆ ಫೋನ್ ಮಾಡಿ ಹೇಳಿದೆ: “ಬರೆ ಮಗಳೇ, ಅದು ಪಾಪವಲ್ಲ. ಆ ಮಗುವಿಗೆ ನಿನ್ನ ಕಣ್ಣು ಬೇಕು. ಆದರೆ ಕಂಡದ್ದನ್ನು ಮಾತ್ರ ಬರೆ, ಊಹಿಸಿದ್ದನ್ನು ಬರೆಯಬೇಡ. ತಾಯಿ ಹೊರಗೆ ಹೋದಾಗಲೂ ಮಗು ವಾಂತಿ ಮಾಡಿದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ಬರೆ. ತಾಯಿಯ ಪರವಾಗಿರುವ ಒಂದು ಸಾಲನ್ನು ಬಿಟ್ಟರೆ, ಅದು ಪಾಪ. ಆಕೆ ಕೈ ಹಿಡಿದಾಗ ಕೈ ಎಳೆದುಕೊಳ್ಳಬೇಡ. ಪ್ರಾರ್ಥಿಸುತ್ತೇನೆ ಎಂದು ಹೇಳಿದ್ದೀಯಲ್ಲ, ನಿಜವಾಗಿಯೂ ಪ್ರಾರ್ಥಿಸು, ಮಗುವಿಗಾಗಿಯೂ ಆಕೆಗಾಗಿಯೂ. ಆಕೆ ತಪ್ಪಿತಸ್ಥಳಾಗಿದ್ದರೂ ಆ ಪ್ರಾರ್ಥನೆ ವ್ಯರ್ಥವಲ್ಲ.”

ಪ್ರಿಯ ಓದುಗರೇ, ಈ ಪ್ರಶ್ನೆ ಇಂಗ್ಲೆಂಡಿನ ವಾರ್ಡಿಗೆ ಮಾತ್ರ ಸೇರಿದ್ದಲ್ಲ. ವೈದ್ಯರು ಕಷ್ಟದ ಪ್ರಶ್ನೆ ಕೇಳಿದರೆ ಅದನ್ನು ಅವಮಾನವೆಂದು ಭಾವಿಸದಿರಿ. ಹಿಂದೆ ತೋರಿಸಿದ ವೈದ್ಯರ ಚೀಟಿಗಳನ್ನೂ, ಕೊಟ್ಟ ನಾಟಿ ಮದ್ದನ್ನೂ ಮುಚ್ಚಿಡದೆ ಹೇಳಿ. ಬೇರೆ ದೇಶದಲ್ಲಿರುವ ನಿಮ್ಮ ಮಕ್ಕಳಿಗೂ ಇದನ್ನೇ ತಿಳಿಸಿ. ನಿಮ್ಮ ನೆರೆಯ ಕುಟುಂಬವೊಂದರ ಮೇಲೆ ಇಂತಹ ಆರೋಪ ಬಂದರೆ, ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ತೀರ್ಪು ಹೇಳಬೇಡಿ. ಮಗುವಿಗೆ ಅಪಾಯವಿದೆಯೆಂದು ನಿಮಗೆ ನಿಜವಾಗಿ ತೋರಿದರೆ 1098ಕ್ಕೆ ಕರೆ ಮಾಡಿ. ಅದು ಮಕ್ಕಳ ಸಹಾಯವಾಣಿ. ಹಾಗೆ ತೋರದಿದ್ದರೆ ಆ ಮನೆಗೆ ಹೋಗಿ ಒಂದಿಷ್ಟು ಹೊತ್ತು ಕುಳಿತು ಬನ್ನಿ. ಪಿಸುಮಾತು ಈ ಎರಡೂ ಅಲ್ಲ. ಅದು ಮಗುವನ್ನು ಕಾಯುವುದಿಲ್ಲ, ತಾಯಿಗೆ ನ್ಯಾಯವನ್ನೂ ಕೊಡುವುದಿಲ್ಲ.

ಆ ಮಗುವಿನ ಕಥೆ ಏನಾಯಿತು ಎಂದು ನೀವು ಕೇಳಬಹುದು. ಮಗುವನ್ನು ಬೇರೊಂದು ದೊಡ್ಡ ಆಸ್ಪತ್ರೆಗೆ ಕಳುಹಿಸಿದರಂತೆ. ಮುಂದೇನಾಯಿತೆಂದು ಆಕೆಗೆ ಯಾರೂ ತಿಳಿಸಲಿಲ್ಲ. ಕೇಳುವ ಅಧಿಕಾರವೂ ಆಕೆಗಿರಲಿಲ್ಲ. ಆ ತಾಯಿ ಎಂತಹವಳು ಎಂಬುದು ನನಗೂ ತಿಳಿಯದು, ಆಕೆಗೂ ತಿಳಿಯದು. “ಹೊರಡುವಾಗ ಆ ತಾಯಿಗೆ ಏನು ಹೇಳಿದೆ?” ಎಂದು ಕೇಳಿದೆ. “ಏನೂ ಹೇಳಲಿಲ್ಲ ಫಾದರ್. ಮಗುವಿನ ಬಟ್ಟೆ ಮಡಚಿ ಚೀಲಕ್ಕೆ ತುಂಬಲು ಸಹಾಯ ಮಾಡಿದೆ” ಎಂದಳು.